ಬಚ್ಚಲಿನ ಕಿಟಕಿ ಮುಚ್ಚಿಸುವ ಮೊದಲು ಗ್ಯಾಸ್ ಗೀಸರ್ ಎಲ್ಲಿದೆ ನೋಡಿ

ಗ್ಯಾಸ್ ಗೀಸರನ್ನು ಬಚ್ಚಲುಮನೆ ಒಳಗೇ ಹಾಕಿಸಿಕೊಂಡಿರುವವರು, ಅದರಲ್ಲೂ ಈಚೆಗೆ ಕಡಿಮೆ ಖರ್ಚಿನಲ್ಲಿ ಬಚ್ಚಲು ರಿಪೇರಿ ಮಾಡಿಸಿದವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ತಂಗಿಯ ಮಗಳು ಸಾವಿನ ಬಾಗಿಲಿಗೆ ಹೋಗಿ ಬಂದಳು. ಗೀಸರ್ ಕೆಟ್ಟಿರಲಿಲ್ಲ, ಸಿಲಿಂಡರ್ ಸೋರಿರಲಿಲ್ಲ, ಗ್ಯಾಸಿನ ವಾಸನೆ ಯಾರ ಮೂಗಿಗೂ ಬಡಿದಿರಲಿಲ್ಲ. ಅನಾಹುತಕ್ಕೆ ಕಾರಣವಾದದ್ದು ಹೊಸದಾಗಿ ಹಾಕಿಸಿದ ಬಾಗಿಲು ಮತ್ತು ಕಿಟಕಿಗೆ ಕೂರಿಸಿದ ಗಾಜು.

ತಂಗಿಯ ಮನೆ ಇರುವುದು ಮೈಸೂರಿನ ಕುವೆಂಪುನಗರದಲ್ಲಿ, ಭೋಗ್ಯಕ್ಕೆ ಹಾಕಿಕೊಂಡ ಹಳೇ ಮನೆ. ಗೀಸರ್ ಹಿಂದೆ ಇದ್ದವರ ಕಾಲದ್ದು, ಬಚ್ಚಲಿನ ಗೋಡೆ ಮೇಲೇ ಇತ್ತು. ವರ್ಷಗಟ್ಟಲೆ ಏನೂ ಆಗಿರಲಿಲ್ಲ. ಯಾಕೆ ಆಗಿರಲಿಲ್ಲ ಅಂದರೆ, ಮರದ ಬಾಗಿಲು ನೀರು ಕುಡಿದು ಕೆಳಗೆ ಕೊಳೆತು, ನೆಲಕ್ಕೂ ಅದಕ್ಕೂ ನಡುವೆ ಕೈ ತೂರುವಷ್ಟು ಸಂದಿ ಬಿದ್ದಿತ್ತು. ಮೇಲಿನ ಗವಾಕ್ಷಿಯಲ್ಲಿ ಅಡ್ಡಡ್ಡ ಗಾಜಿನ ಪಟ್ಟಿಗಳು, ಅದರಲ್ಲೂ ಕೆಲವು ಬಿದ್ದುಹೋಗಿದ್ದವು. ಕೆಳಗಿಂದ ಗಾಳಿ ಬರುತ್ತಿತ್ತು, ಮೇಲಿಂದ ಹೋಗುತ್ತಿತ್ತು. ಆ ಹಾಳು ಬಾಗಿಲೇ ಅಲ್ಲಿ ಸ್ನಾನ ಮಾಡುತ್ತಿದ್ದವರನ್ನೆಲ್ಲ ಕಾಪಾಡಿಕೊಂಡು ಬಂದಿತ್ತು ಎನ್ನುವುದು ಈಗ ಅರ್ಥವಾಗುತ್ತದೆ.

ಚಳಿಗಾಲ ಶುರುವಾದಾಗ ಭಾವ ಕಡಿಮೆ ದುಡ್ಡಿನಲ್ಲಿ ಬಚ್ಚಲು ಸರಿಮಾಡಿಸೋಣ ಅಂದರು. ಹಳೇ ಬಾಗಿಲಿನ ಜಾಗಕ್ಕೆ ಪಿವಿಸಿ ಬಾಗಿಲು ಬಂತು. ಗವಾಕ್ಷಿಯ ಪಟ್ಟಿ ಕಿತ್ತು ಒಂದೇ ಗಾಜು ಕೂರಿಸಿ, ಸುತ್ತಲೂ ಸಿಲಿಕಾನ್ ಹಾಕಿದ್ದು ಭಾವನೇ. ಅಚ್ಚುಕಟ್ಟಾದ ಕೆಲಸ, ತಪ್ಪು ಹುಡುಕುವಂತಿರಲಿಲ್ಲ. "ಇನ್ನು ಚಳೀನೂ ಬರಲ್ಲ, ಸೊಳ್ಳೇನೂ ಬರಲ್ಲ ಬುಡಿ ಸಾರ್" ಅಂತ ಬಾಗಿಲು ಕೂರಿಸಿದವನೂ ಹೇಳಿ ಹೋದ. ಗೀಸರನ್ನು ಯಾರೂ ಮುಟ್ಟಲಿಲ್ಲ. ಬೆಂಕಿ ಉರಿಯುವ ಜಾಗವನ್ನು ಮುಚ್ಚುತ್ತಿದ್ದೀರಿ ಎಂದು ಹೇಳುವುದು ಯಾರ ಕೆಲಸವೂ ಆಗಿರಲಿಲ್ಲ. ಬಾಗಿಲಿನವನು ಬಾಗಿಲು ನೋಡುತ್ತಾನೆ, ಪ್ಲಂಬರ್ ನಲ್ಲಿ ನೋಡುತ್ತಾನೆ, ಅಷ್ಟೇ.

ಆಮೇಲೆ ತಂಗಿಗೆ ಸ್ನಾನ ಮಾಡಿ ಬಂದಾಗಲೆಲ್ಲ ತಲೆ ಭಾರ, ಹೊಟ್ಟೆ ತೊಳಸಿದ ಹಾಗೆ. ಥಂಡಿಗೆ ಇರಬೇಕು ಅಂತ ಶುಂಠಿ ಕಷಾಯ ಕುಡಿಯುತ್ತಿದ್ದಳು. ಸ್ನಾನದ ನಂತರ ಬರುವ, ಹೊರಗೆ ಬಂದು ಸ್ವಲ್ಪ ಹೊತ್ತಿಗೆ ತಾನಾಗೇ ಇಳಿಯುವ ತಲೆನೋವು ನಿಮ್ಮ ಮನೆಯಲ್ಲಿ ಯಾರಿಗಾದರೂ ಇದ್ದರೆ ನಾಳೆವರೆಗೂ ಕಾಯಬೇಡಿ, ಇವತ್ತೇ ಗೀಸರ್ ನಿಲ್ಲಿಸಿ.

ಅವತ್ತು ಶುಕ್ರವಾರ. ಹುಡುಗಿ ಪಿಯುಸಿ ಓದುತ್ತಿದ್ದಾಳೆ, ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಹೋದಳು. ಎಣ್ಣೆಸ್ನಾನ ಅಂದರೆ ಹೊತ್ತು ಹಿಡಿಯುತ್ತದೆ, ಬಿಸಿನೀರು ಬಿಟ್ಟುಕೊಂಡೇ ಇರಬೇಕು. ನಾನು ಊರಿಂದ ಬಂದು ಹಾಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. "ಅಣ್ಣಾ, ಬಾ ಇಲ್ಲಿ, ಎಷ್ಟ್ ಕೂಗುದ್ರೂ ಇವ್ಳು ಮಾತಾಡ್ತಿಲ್ಲ" ಅಂತ ತಂಗಿ ಕಿರುಚಿದಳು. ಒಳಗೆ ನೀರು ಸುರಿಯುವ ಸದ್ದು ಮಾತ್ರ. ಭುಜ ಕೊಟ್ಟು ಗುದ್ದಿದ ಮೇಲೆ ಚಿಲಕ ಕಿತ್ತು ಬಂತು. ಆವಿ ಮಂಜಿನ ಹಾಗೆ ತುಂಬಿತ್ತು. ಹುಡುಗಿ ಗೋಡೆಗೆ ಒರಗಿದಂತೆ ಕುಸಿದಿದ್ದಳು, ಗೀಸರಿನ ಉರಿ ನೀಲಿ ಹೋಗಿ ಹಳದಿಗೆ ತಿರುಗಿತ್ತು. ಟವೆಲ್ ಸುತ್ತಿ ಎತ್ತಿಕೊಂಡು ಬಂದು ವರಾಂಡದಲ್ಲಿ ಮಲಗಿಸಿದೆವು.

ಮುಂದೆ ಆದದ್ದನ್ನು ಗಮನವಿಟ್ಟು ಓದಿ. ಕೊರೊನಾ ಕಾಲದ ಆಕ್ಸಿಮೀಟರ್ ಮನೆಯಲ್ಲಿತ್ತು. ಬೆರಳಿಗೆ ಹಾಕಿದರೆ 98 ತೋರಿಸಿತು. ಪಕ್ಕದ ಮನೆಯವರು "ಆಕ್ಸಿಜನ್ ಸರಿಯಾಗೈತಲ್ಲ, ಬಿಪಿ ಲೋ ಆಗಿರ್ಬೇಕು, ಸಕ್ಕರೆ ನೀರು ಕೊಡಿ" ಅಂದರು. ಅಷ್ಟರಲ್ಲಿ ಭಾವ 108ಕ್ಕೆ ಫೋನ್ ಮಾಡಿಯಾಗಿತ್ತು, ಬದುಕಿಕೊಂಡೆವು. ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಮನೇಲಿ ಗ್ಯಾಸ್ ಗೀಸರ್ ಇದ್ಯಾ?" ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ನಮ್ಮ ಮನೆಗಳಲ್ಲಿರುವ ಆಕ್ಸಿಮೀಟರಿಗೆ ಈ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ, ವಿಷ ಅಂಟಿದ ರಕ್ತವನ್ನೂ ಸರಿಯಾಗಿದೆ ಎಂದೇ ತೋರಿಸುತ್ತದೆ. ಸರಿಯಾಗಿ ತಿಳಿಯಬೇಕೆಂದರೆ ಬೇರೆ ರಕ್ತಪರೀಕ್ಷೆ ಬೇಕು. ನೀವು ಗೀಸರ್ ವಿಷಯ ಬಾಯಿಬಿಟ್ಟು ಹೇಳದಿದ್ದರೆ ಆ ಪರೀಕ್ಷೆ ಮಾಡಬೇಕೆಂದು ಯಾರಿಗಾದರೂ ಹೊಳೆಯದೇ ಹೋಗಬಹುದು. ಹಾಗಾಗಿ ಆಸ್ಪತ್ರೆಗೆ ಹೋದ ಕೂಡಲೇ ಹೇಳಿ. ಬರೀ ಗಾಳಿ ಉಸಿರಾಡಿಕೊಂಡಿದ್ದರೆ ಈ ವಿಷ ರಕ್ತದಲ್ಲಿ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಹಿಡಿಯುತ್ತದೆ, ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆ ಸಾಕು. ಹುಡುಗಿಗೆ ಕೊಟ್ಟಿದ್ದು ಅದನ್ನೇ. ಹುಷಾರಾದಳು. ಆದರೆ ಮರೆವು, ಗಮನ ನಿಲ್ಲದಿರುವುದು ಕೆಲವು ವಾರ ಬಿಟ್ಟೂ ಕಾಣಿಸಿಕೊಳ್ಳಬಹುದು ಅಂತ ಮತ್ತೆ ಕರೆಸಿ ನೋಡಿದರು.

ಇಂಥ ಸುದ್ದಿ ಬಂದಾಗೆಲ್ಲ "ಗ್ಯಾಸ್ ಸೋರಿಕೆ" ಅಂತಲೇ ಜನ ಮಾತಾಡಿಕೊಳ್ಳುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಸೋರಿದರೆ ವಾಸನೆ ಬರುತ್ತದೆ, ಅದಕ್ಕೆಂದೇ ಎಲ್‌ಪಿಜಿಗೆ ವಾಸನೆ ಬೆರೆಸಿರುತ್ತಾರೆ. ವಾಸನೆ ಇಲ್ಲ, ಹಾಗಾದರೆ ಭಯವಿಲ್ಲ ಅಂದುಕೊಂಡು ಜನ ಮೋಸ ಹೋಗುತ್ತಾರೆ. ಇಲ್ಲಿ ಕೊಲ್ಲುವುದು ಸೋರಿದ ಗ್ಯಾಸ್ ಅಲ್ಲ, ಗಾಳಿ ಸಾಲದೆ ಅರೆಬರೆ ಉರಿದ ಗ್ಯಾಸ್. ಒಂದು ಕೆ.ಜಿ. ಎಲ್‌ಪಿಜಿ ಪೂರ್ತಿ ಉರಿಯಲು ಸುಮಾರು 15 ಕೆ.ಜಿ. ಗಾಳಿ ಬೇಕು. ನಾಲ್ಕಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ಬಚ್ಚಲಿನಲ್ಲಿ ಇರುವುದೇ ಆರು ಕೆ.ಜಿ. ಆಸುಪಾಸು, ಅದರಲ್ಲೇ ಮನುಷ್ಯರೂ ಉಸಿರಾಡಬೇಕು. ನಮ್ಮ ಪಾಂಡವಪುರದ ಕಡೆ ಹಂಡೆ ಒಲೆಗೆ ತೆಂಗಿನ ಗರಿ ತುರುಕುತ್ತಿದ್ದ ಕಾಲದಲ್ಲಿ ಹೊಗೆ ಕಣ್ಣು ಉರಿಸಿ ಆಚೆಗೆ ಓಡಿಸುತ್ತಿತ್ತು, ಹೆಂಚಿನ ಸಂದಿಯಿಂದ ಮೇಲಕ್ಕೂ ಹೋಗುತ್ತಿತ್ತು. ಈ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮೂ ಬರುವುದಿಲ್ಲ. ಏನೋ ಸುಸ್ತು ಅನ್ನಿಸುವ ಹೊತ್ತಿಗೆ ಕಾಲಿನ ಬಲ ಹೋಗಿರುತ್ತದೆ, ಕೈ ಚಿಲಕದವರೆಗೂ ಏಳುವುದಿಲ್ಲ.

ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಅನ್ನುವವರಿಗೆ: ಒಳಗೆ ಗಾಳಿ ಬರಲು ದಾರಿಯೇ ಇಲ್ಲದಿದ್ದರೆ ಫ್ಯಾನ್ ಏನನ್ನು ಎಳೆದು ಹಾಕೀತು? ಇನ್ನೊಂದು ವಿಷಯವನ್ನು ಯಾರೂ ಯೋಚಿಸುವುದಿಲ್ಲ. ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ಗೀಸರ್ ನಿಲ್ಲುವುದಿಲ್ಲ, ಅದು ಹೊತ್ತಿಕೊಳ್ಳುವುದು ಬ್ಯಾಟರಿಯಲ್ಲಿ. ಬಕೆಟ್ ತುಂಬಿಸಿಕೊಂಡು ಗೀಸರ್ ಆರಿಸಿ ಆಮೇಲೆ ಸ್ನಾನ ಮಾಡುತ್ತೇವೆ ಅನ್ನುವವರೂ ಇದ್ದಾರೆ. ಅಷ್ಟರಲ್ಲಿ ಆದ ವಿಷ ಆ ಮುಚ್ಚಿದ ಕೋಣೆ ಬಿಟ್ಟು ಎಲ್ಲಿಗೆ ಹೋಗುತ್ತದೆ?

ಗೀಸರ್, ಸಿಲಿಂಡರ್ ಎರಡೂ ಬಚ್ಚಲಿನ ಆಚೆ, ಬಯಲು ಗಾಳಿ ಆಡುವ ಯುಟಿಲಿಟಿಯಲ್ಲೋ ಹಿತ್ತಲ ಗೋಡೆ ಮೇಲೋ ಇರಬೇಕು, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಬೇಕು. ಪೈಪಿಗೆ ಒಂದಿಷ್ಟು ಖರ್ಚಾಗುತ್ತದೆ, ಆಗಲಿ. ಆಚೆಗೆ ಹಾಕಿದ ಮೇಲೂ ಉರಿ ಹಳದಿಯಾದರೆ, ಮೇಲ್ಭಾಗದಲ್ಲಿ ಮಸಿ ಹಿಡಿದರೆ ಸರ್ವಿಸ್ ಮಾಡಿಸದೆ ಹಚ್ಚಬೇಡಿ.

ಇದರ ಸಹವಾಸವೇ ಬೇಡ ಅಂತ ಕರೆಂಟ್ ಗೀಸರಿಗೆ ಹೋಗುವವರು ಹಳೇ ಮನೆಯಲ್ಲಿ ವೈರಿಂಗ್ ನೋಡಿಕೊಂಡೇ ಹೋಗಿ. 2000 ವಾಟಿನ ಗೀಸರ್ ಒಂಬತ್ತು ಆಂಪಿಯರ್ ಹತ್ತಿರ ಎಳೆಯುತ್ತದೆ, 3000 ವಾಟಿನದು 13. ಶೇವಿಂಗ್ ಮಾಡುವ ಕನ್ನಡಿ ಪಕ್ಕದ ಸಣ್ಣ ಪ್ಲಗ್ ಪಾಯಿಂಟ್ ಅದನ್ನು ತಡೆಯುವುದಿಲ್ಲ. ಬೇರೆ ವೈರ್ ಎಳೆಸಿ, 16 ಆಂಪಿಯರ್ ಪಾಯಿಂಟ್, ಸರಿಯಾದ ಅರ್ಥಿಂಗ್, ಕರೆಂಟ್ ಸೋರಿದರೆ ತಕ್ಷಣ ಕಟ್ ಮಾಡುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಹಾಕಿಸಬೇಕು. ತಂಗಿ ಮನೆಯಲ್ಲಿ ಈಗ ಮಾಡಿಸಿರುವುದು ಇದನ್ನೇ. ಮೊದಲು ಓನರ್ ತಮಗೆ ಸಂಬಂಧವಿಲ್ಲ ಅಂದರು, ಆಸ್ಪತ್ರೆಯ ಚೀಟಿ ತೋರಿಸಿದ ಮೇಲೆ ವೈರಿಂಗ್ ಖರ್ಚು ಕೊಟ್ಟರು. ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಅಗ್ಗ, ಆದರೆ ಪ್ಲಗ್ ಕೀಳದೆ ನೀರಿಗೆ ಕೈ ಹಾಕಿ ಪ್ರಾಣ ಕಳಕೊಂಡವರಿದ್ದಾರೆ. ಮಕ್ಕಳಿರುವ ಮನೆಗೆ ನಾನು ಅದನ್ನು ಹೇಳುವುದಿಲ್ಲ.

ಯಾರಾದರೂ ಒಳಗೆ ಬಿದ್ದಿದ್ದರೆ ಬಾಗಿಲು ಒಡೆದ ತಕ್ಷಣ ಉಸಿರು ಬಿಗಿಹಿಡಿದು ಅವರನ್ನು ಆಚೆಗೆ ಎಳೆದುಕೊಳ್ಳಿ. ಒಳಗೇ ನಿಂತು ಆರೈಕೆ ಮಾಡಲು ಹೋದರೆ ನೀವೂ ಬೀಳುತ್ತೀರಿ. ಸಿಲಿಂಡರ್ ಆಫ್ ಮಾಡಲು ಇನ್ನೊಬ್ಬರಿಗೆ ಹೇಳಿ. ಉಪಚಾರವೆಲ್ಲ ಬಯಲಿನಲ್ಲಿ.

ಮಂಡ್ಯ, ಮದ್ದೂರು, ಕೆ.ಆರ್. ಪೇಟೆ ಕಡೆಯಿಂದ ಮಕ್ಕಳನ್ನು ಮೈಸೂರಿಗೆ ಓದಲು ಕಳಿಸುವ ಅಪ್ಪ-ಅಮ್ಮಂದಿರು ಪಿಜಿ, ಬಾಡಿಗೆ ರೂಮು ನೋಡಲು ಹೋದಾಗ ಊಟ ಹೇಗೆ, ವೈಫೈ ಇದೆಯಾ ಅಂತ ಕೇಳುತ್ತೀರಿ. ಬಚ್ಚಲಿನ ಬಾಗಿಲು ತೆಗೆದು ಗೋಡೆಯನ್ನೂ ನೋಡಿ. ಅಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದನ್ನು ಆಚೆಗೆ ಹಾಕಿಸುವವರೆಗೂ ಅಡ್ವಾನ್ಸ್ ಕೊಡಬೇಡಿ.