ಮಾರ್ಚ್ ಕೆಸರಿಗೆ ಟರ್ಫೇಸ್ ಕ್ವಿಕ್ ಡ್ರೈ: ಎಲ್ಲಿ ಸರಿ, ಎಲ್ಲಿ ದಂಡ

ಅಮೆರಿಕದ ಕಾಲೇಜು ಸಾಫ್ಟ್‌ಬಾಲ್ ಫೆಬ್ರವರಿಯಲ್ಲೇ ಶುರು. ಮಿನ್ನೆಸೋಟ, ಮಿಷಿಗನ್ ಕಡೆಯ ತಂಡಗಳು ಮೊದಲ ವಾರಗಳಲ್ಲಿ ಫ್ಲಾರಿಡಾ, ಅರಿಜೋನಾಗಳಿಗೆ ಹೋಗಿ ಆಡುತ್ತವೆ. ಪೇಚಾಟ ಶುರುವಾಗುವುದು ಮಾರ್ಚ್‌ನಲ್ಲಿ ತವರಿಗೆ ಮರಳಿದ ಮೇಲೆ. ಸಾಫ್ಟ್‌ಬಾಲ್ ಇನ್‌ಫೀಲ್ಡಿನಲ್ಲಿ, ಅಂದರೆ ಬೇಸ್‌ಗಳಿರುವ ಒಳ ಅಂಗಳದಲ್ಲಿ, ಹುಲ್ಲಿಲ್ಲ, ಪೂರ್ತಿ ಬರಿ ಮಣ್ಣು. ಹಿಮ ಕರಗಿತೆಂದರೆ ಅಷ್ಟೂ ಕೆಸರು.

ಆ ಕೆಸರು ಒಣಗಿಸಲು ಎರಚುವ ಸರಕು ಟರ್ಫೇಸ್ ಕ್ವಿಕ್ ಡ್ರೈ. ಚೀಲದಲ್ಲಿರುವುದು ಹೆಚ್ಚಿನ ಶಾಖದಲ್ಲಿ ಸುಟ್ಟ ಜೇಡಿಮಣ್ಣಿನ ಹರಳು. ಸುಟ್ಟಿರುವುದರಿಂದ ಎಷ್ಟು ನೀರು ಕುಡಿದರೂ ಕರಗದು, ರಂಧ್ರಗಳಲ್ಲಿ ತೇವ ಹಿಡಿದಿಟ್ಟುಕೊಳ್ಳುತ್ತದೆ. ಅದೇ ಕಂಪನಿಯ ಇನ್ನೊಂದು ಸರಕಾದ ಎಂವಿಪಿಗಿಂತ ಇದರ ಹರಳು ಸಣ್ಣದು, ಹಾಗಾಗಿ ಹೀರುವುದೂ ಬೇಗ. ಚೀಲಕ್ಕೆ 50 ಪೌಂಡ್, ಸುಮಾರು 22.7 ಕೆಜಿ.

ಎಡವಟ್ಟಾಗುವುದು ಬಳಸುವಾಗ. ನಿಂತ ನೀರಿಗೇ ಸುರಿದರೆ ಗಂಜಿ. ಮೊದಲು ಕೈಪಂಪಿನಿಂದ ನೀರೆಳೆದು, ಉಳಿದದ್ದನ್ನು ಸ್ಪಂಜಿಗೆ ಹೀರಿಸಿ. ಪೊರಕೆ ಹಿಡಿದು ಹುಲ್ಲಿನತ್ತ ತಳ್ಳಲೇಬೇಡಿ: ನೀರಿನ ಜೊತೆ ಮಣ್ಣೂ ಹೋಗಿ ಅಂಚಿನಲ್ಲಿ ದಿಬ್ಬ ಕಟ್ಟುತ್ತದೆ, ತಗ್ಗು ಇನ್ನಷ್ಟು ಆಳವಾಗುತ್ತದೆ, ಮುಂದಿನ ಮಳೆಗೂ ಅಲ್ಲೇ ಕೊಳ. ಆಮೇಲೆ ತೆಳ್ಳಗೆ ಎರಚಿ, ಕೆಲವು ನಿಮಿಷ ಬಿಟ್ಟು, ರೇಕಿನಿಂದ ಮೇಲ್ಪದರದಲ್ಲಷ್ಟೇ ಕಲಸಿ. ಹರಳಿನ ಬಣ್ಣ ಗಾಢವಾದರೆ ಅದರ ಹೊಟ್ಟೆ ತುಂಬಿತೆಂದೇ ಲೆಕ್ಕ. ಇನ್ನೊಂದು ತೆಳು ಪದರ ಎರಚಬಹುದು.

ಬ್ಯಾಟರ್ಸ್ ಬಾಕ್ಸ್ (ಬ್ಯಾಟ್ ಬೀಸುವವರು ನಿಲ್ಲುವ ಚೌಕ), 8 ಅಡಿ ತ್ರಿಜ್ಯದ ಪಿಚರ್ ಸರ್ಕಲ್ (ಚೆಂಡೆಸೆಯುವವರ ವೃತ್ತ), ಬೇಸ್‌ಗಳ ಸುತ್ತ – ಇಷ್ಟಕ್ಕೆ ಇದು ಒಳ್ಳೆಯ ಸರಕು. ಇಡೀ ಇನ್‌ಫೀಲ್ಡಿಗೆ ಚೀಲಗಟ್ಟಲೆ ಸುರಿಯುವುದು ದುಂದು, ಮೇಲಾಗಿ ಹಾನಿ. ಸುಟ್ಟ ಹರಳಿಗೆ ಅಂಟುಗುಣವಿಲ್ಲ. ಪ್ರತಿ ಸಲ ಸುರಿದಷ್ಟೂ ಮೇಲ್ಪದರ ಸಡಿಲಾಗಿ ಶೂ ಮುಳ್ಳಿಗೆ ಹಿಡಿತ ಸಿಗುವುದಿಲ್ಲ.

ಚಳಿಗಾಲದ ಬಾಲ ಹಿಡಿದ ಮೈದಾನದಲ್ಲಿ ನಿಜವಾದ ಶತ್ರು ಇರುವುದು ಕೆಳಗೆ. ಮೇಲಿನ ಒಂದೆರಡು ಇಂಚು ಕರಗಿ, ಅಡಿಯ ಮಣ್ಣು ಇನ್ನೂ ಹೆಪ್ಪುಗಟ್ಟಿದ್ದರೆ ನೀರಿಗೆ ಇಳಿಯಲು ದಾರಿಯೇ ಇಲ್ಲ. ಉದ್ದನೆಯ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಠಕ್ಕೆಂದು ನಿಂತರೆ ಚೀಲ ಬಿಚ್ಚಬೇಡಿ. ಇದು ಹಿಮ ಕರಗಿಸುವ ಉಪ್ಪಲ್ಲ (ಆ ಉಪ್ಪನ್ನು ಸುರಿದರೆ ಪಕ್ಕದ ಹುಲ್ಲು ಸುಟ್ಟೀತು), ಹೀರಿದ ನೀರು ರಾತ್ರಿ ಅಲ್ಲೇ ಮತ್ತೆ ಗಡ್ಡೆಯಾಗುತ್ತದೆ. ಅಂಥ ವಾರದಲ್ಲಿ ಹಿಂದಿನ ಸಂಜೆಯೇ ಟಾರ್ಪಾಲಿನ್ ಹಾಸಿ ಅಂಚಿಗೆ ಮರಳುಚೀಲ ಹೇರಿಟ್ಟವರೇ ಗೆಲ್ಲುವುದು.

ಜೋಳದ ದಿಂಡಿನ ಪುಡಿಯೂ ಇದೇ ಕೆಲಸಕ್ಕೆ ಸಿಗುತ್ತದೆ, ಆದರೆ ಮಣ್ಣಲ್ಲಿ ಉಳಿದು ಕೊಳೆಯುತ್ತದೆ. ಕ್ವಿಕ್ ಡ್ರೈಗೆ ಆ ರಗಳೆಯಿಲ್ಲ. ಬಿಚ್ಚಿದ ಚೀಲವನ್ನು ಮಾತ್ರ ಡಗೌಟಿನಲ್ಲಿ (ಆಟಗಾರರು ಕೂರುವ ಜಾಗದಲ್ಲಿ) ಬಿಡದೆ ಮುಚ್ಚಳದ ಡ್ರಮ್ಮಿನಲ್ಲಿಡಿ. ತೇವ ಕುಡಿದ ಹರಳು ಒಣಗುವವರೆಗೆ ಏನೂ ಹೀರದು.