ಹೆರಿಗೆ ನಂತರದ ಹೊಟ್ಟೆ ಬೆಲ್ಟ್: ಆಸರೆಗೆ ಸರಿ, ಬಿರುಕು ಮುಚ್ಚುವುದಕ್ಕಲ್ಲ

ಎರಡನೇ ಹೆರಿಗೆ ಆದಮೇಲೆ ತಗೊಂಡ ಬೆಲ್ಟ್ ಇದು. ಅಗಲವಾದ ಎಲಾಸ್ಟಿಕ್, ಮುಂದೆ ವೆಲ್ಕ್ರೋ, ಬೆನ್ನಿನ ಕಡೆ ಗಟ್ಟಿ ಪ್ಲಾಸ್ಟಿಕ್ ಪಟ್ಟಿಗಳು. ಬಸುರಿನಲ್ಲಿ ಬೇರ್ಪಟ್ಟ ಹೊಟ್ಟೆಯ ಸ್ನಾಯುಗಳನ್ನು ಮತ್ತೆ ಕೂಡಿಸಿ ನಡುವಿನ ಬಿರುಕು ಮುಚ್ಚುತ್ತದೆ ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದಿದ್ದಾರೆ. ಆ ಮಾತು ನಂಬಿ ಕೊಳ್ಳಬೇಡಿ.

ಆದರೆ ಮೊದಲ ಕೆಲವು ವಾರ ಇದರಿಂದ ನಿಜವಾಗಿಯೂ ಉಪಯೋಗ ಆಯಿತು. ಮಗುವನ್ನು ಎತ್ತಿಕೊಂಡು ಓಡಾಡುವಾಗ, ಕೆಮ್ಮು ಸೀನು ಬಂದಾಗ ಹೊಟ್ಟೆ ಕಳಚಿ ಬೀಳುತ್ತದೇನೋ ಅನ್ನುವ ಭಾವನೆ ಹೋಯಿತು. ಬೆನ್ನುನೋವೂ ಕಡಿಮೆ. ಕೂತರೆ ಮಾತ್ರ ಮೇಲಕ್ಕೆ ಸುತ್ತಿಕೊಳ್ಳುತ್ತದೆ, ಬೆವರುತ್ತದೆ, ಒಳಗೆ ಹತ್ತಿ ಬಟ್ಟೆ ಇಲ್ಲದೆ ಹಾಕಿದರೆ ತುರಿಕೆ ಬರುತ್ತದೆ. ವೆಲ್ಕ್ರೋ ಬಿಚ್ಚುವ ಸದ್ದಿಗೆ ಆಗಷ್ಟೇ ಮಲಗಿದ ಮಗು ಎದ್ದುಬಿಡುತ್ತದೆ, ಇದು ಸಣ್ಣ ವಿಷಯ ಅಲ್ಲವೇ ಅಲ್ಲ! ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ.

ಬಿರುಕಿನ ವಿಷಯಕ್ಕೆ ಬಂದರೆ, ಹೊಟ್ಟೆಯ ಮುಂದೆ ಉದ್ದಕ್ಕೆ ಎರಡು ಸ್ನಾಯುಗಳಿವೆ, ಅವನ್ನು ನಡುವೆ ಹಿಡಿದಿಡುವ ಪೊರೆಗೆ ಲೀನಿಯಾ ಆಲ್ಬಾ ಅಂತಾರೆ, ಗರ್ಭ ಬೆಳೆದಂತೆ ಆ ಪೊರೆ ಹಿಗ್ಗಿ ತೆಳುವಾಗುತ್ತದೆ, ಸ್ನಾಯುಗಳು ದೂರ ಸರಿಯುತ್ತವೆ. ಆ ಅಂತರವೇ ಬಿರುಕು. ಬಸುರಿನ ಕೊನೆಯ ತಿಂಗಳುಗಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಆಗುವಂಥದ್ದೇ ಇದು. ಹೆರಿಗೆಯಾದ ಸುಮಾರು 8 ವಾರದಲ್ಲಿ ಬಹಳಷ್ಟು ತಾನಾಗಿಯೇ ಕೂಡಿಕೊಳ್ಳುತ್ತದೆ, ಆಮೇಲೆ ನಿಧಾನ. ಬೆಲ್ಟ್ ಹೊರಗಿನಿಂದ ಒತ್ತಿ ಹಿಡಿಯುತ್ತದೆ ಅಷ್ಟೇ, ಬಿಚ್ಚಿದರೆ ಪೊರೆ ಎಷ್ಟು ಸಡಿಲ ಇತ್ತೋ ಅಷ್ಟೇ ಇರುತ್ತದೆ. ಸ್ನಾಯುಗೆ ಬಲ ಬರಬೇಕಂದ್ರೆ ಸ್ನಾಯುವೇ ಕೆಲಸ ಮಾಡಬೇಕು ಅಲ್ವಾ?

ನನಗೆ ಗುಣ ಕಂಡಿದ್ದು ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮದಿಂದ. ಅಂಗಾತ ಮಲಗಿಸಿ, ಮಂಡಿ ಮಡಚಿಸಿ, ತಲೆ ಸ್ವಲ್ಪ ಎತ್ತಲು ಹೇಳಿ, ಹೊಕ್ಕುಳಿನ ಮೇಲೆ ಕೆಳಗೆ ಬೆರಳಿಟ್ಟು ನೋಡಿದರು. ಅಗಲ ಎಷ್ಟಿದೆ ಅನ್ನುವುದರ ಜೊತೆಗೆ ಬೆರಳು ಎಷ್ಟು ಆಳಕ್ಕೆ ಇಳಿಯುತ್ತದೆ, ಪೊರೆ ಬಿಗಿಯಾಗುತ್ತದಾ ಅನ್ನುವುದನ್ನೂ ನೋಡಬೇಕಂತೆ. ವ್ಯಾಯಾಮ ಅಂದರೆ, ಉಸಿರು ಬಿಡುತ್ತಾ ಪೆಲ್ವಿಕ್ ಫ್ಲೋರ್ (ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹೊತ್ತಿರುವ) ಸ್ನಾಯುಗಳನ್ನು ಮೇಲಕ್ಕೆಳೆದು ಕೆಳಹೊಟ್ಟೆಯನ್ನು ಮೆಲ್ಲಗೆ ಒಳಗೆ ಎಳೆಯುವುದು, ಹಾಸಿಗೆಯಿಂದ ನೇರ ಏಳದೆ ಪಕ್ಕಕ್ಕೆ ಹೊರಳಿ ಏಳುವುದು, ಭಾರ ಎತ್ತುವಾಗ ಉಸಿರು ಬಿಗಿಹಿಡಿಯದೆ ಬಿಡುವುದು. ಇಷ್ಟು ಸರಳ. ಯಾವುದೇ ವ್ಯಾಯಾಮದಲ್ಲಿ ಹೊಟ್ಟೆಯ ನಡುವೆ ದಿಂಡಿನ ಹಾಗೆ ಉಬ್ಬಿದರೆ ಅದು ಸದ್ಯಕ್ಕೆ ಬೇಡ ಅಂತ ಅರ್ಥ. ಶುರುವಿನಲ್ಲೇ ಸಿಟ್ ಅಪ್ ಮಾಡಲು ಹೋಗಬೇಡಿ. ಬಿರುಕು ಪೂರ್ತಿ ಮುಚ್ಚಿಲ್ಲ ಅಂತ ಕೊರಗಲೂ ಬೇಡಿ, ಸ್ವಲ್ಪ ಅಗಲ ಉಳಿದರೂ ಪೊರೆ ಬಿಗಿಯಾಗಿದ್ದರೆ ಹೊಟ್ಟೆ ತನ್ನ ಕೆಲಸ ಚೆನ್ನಾಗಿಯೇ ಮಾಡುತ್ತದೆ.

ಬೆಲ್ಟ್ ಕೊಳ್ಳುವುದಾದರೆ ಬಸುರಿಗೆ ಮೊದಲಿನ ಅಳತೆ ನೋಡದೆ ಈಗಿನ ಸುತ್ತಳತೆಗೆ ತಗೊಳ್ಳಿ. ಬಿಗಿ ಜಾಸ್ತಿಯಾದರೆ ಒತ್ತಡ ಕೆಳಗೆ ಪೆಲ್ವಿಕ್ ಫ್ಲೋರ್ ಮೇಲೆ ಬೀಳುತ್ತದೆ, ಆರಾಮಾಗಿ ಉಸಿರಾಡುವಷ್ಟು ಸಡಿಲ ಇರಲಿ, ಮಲಗುವಾಗ ತೆಗೆದುಬಿಡಿ. ಸಿಸೇರಿಯನ್ ಆಗಿದ್ದರೆ ಹೊಲಿಗೆ ನೋಡಿದ ಡಾಕ್ಟರನ್ನು ಕೇಳಿಯೇ ಹಾಕಿ. ಹೊಕ್ಕುಳ ಹತ್ತಿರ ಗಂಟಿನಂತೆ ಉಬ್ಬಿ ನೋವಿದ್ದರೆ ಹರ್ನಿಯಾ ಇರಬಹುದು, ಅದಕ್ಕೆ ಬೆಲ್ಟ್ ಸುತ್ತಿಕೊಂಡು ಸುಮ್ನೆ ಕೂರದೆ ಡಾಕ್ಟರಿಗೆ ತೋರಿಸಿ.