ಕ್ಯಾಮ್ರಿಯೋ ಅಕಾರ್ಡೋ, ಹೊಸದೋ ಬಳಸಿದ್ದೋ: ಕುಟುಂಬದ ಸೆಡಾನ್ ಕೊಳ್ಳುವವರಿಗೊಂದು ವಿಮರ್ಶೆ

ಕುಟುಂಬಕ್ಕೆಂದು ಮಧ್ಯಮ ಗಾತ್ರದ ಸೆಡಾನ್ ಹುಡುಕುವವರಿಗೆ ಹಿಂದೆ ಇದ್ದಷ್ಟು ಆಯ್ಕೆ ಈಗ ಇಲ್ಲ. ಎಸ್‌ಯುವಿಗಳ ಬೇಡಿಕೆ ಏರಿದಂತೆಲ್ಲ ಈ ವರ್ಗದ ಕಾರುಗಳು ಒಂದೊಂದಾಗಿ ಮರೆಯಾಗಿವೆ. ಫೋರ್ಡ್ ಫ್ಯೂಷನ್ ತಯಾರಿಕೆ 2020ರಲ್ಲಿ, ಯುರೋಪಿನ ಫೋರ್ಡ್ ಮೊಂಡಿಯೊ ತಯಾರಿಕೆ 2022ರಲ್ಲಿ, ಷೆವರ್ಲೆ ಮಾಲಿಬು ತಯಾರಿಕೆ 2024ರಲ್ಲಿ ನಿಂತುಹೋಯಿತು. ಉಳಿದಿರುವ ಹೆಸರುಗಳಲ್ಲಿ ಟೊಯೊಟಾ ಕ್ಯಾಮ್ರಿ ಮತ್ತು ಹೋಂಡಾ ಅಕಾರ್ಡ್ ಎರಡನ್ನೂ, ಹೊಸದು ಮತ್ತು ಬಳಸಿದ್ದು ಎಂಬ ಎರಡೂ ಬಗೆಯಲ್ಲಿ, ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಒಂದೇ ಕಾರನ್ನು ಹತ್ತು ವರ್ಷಕ್ಕೂ ಮೀರಿ ಇಟ್ಟುಕೊಳ್ಳುವವರು ಹೊಸದನ್ನು ಕೊಳ್ಳಲಿ, ಉಳಿದವರಿಗೆ ಮೂರರಿಂದ ಐದು ವರ್ಷ ಓಡಿರುವ, ಸರ್ವಿಸ್ ದಾಖಲೆ ಪೂರ್ತಿಯಾಗಿರುವ ಕಾರೇ ಲೇಸು. ಆ ಹಳೆಯ ಕಾರಿನ ವಿಷಯದಲ್ಲಿ ಬಾನೆಟ್ಟಿನ ಮುಂದಿರುವ ಲಾಂಛನಕ್ಕಿಂತ ಹಿಂದಿನ ಮಾಲೀಕರು ಅದನ್ನು ನೋಡಿಕೊಂಡ ರೀತಿಗೇ ಹೆಚ್ಚು ತೂಕ ಕೊಡಬೇಕು.

ಬಳಸಿದ ಕಾರುಗಳ ಪೈಕಿ ನಾನು ಮುಖ್ಯವಾಗಿ ಪರಿಗಣಿಸಿದ್ದು, ಎರಡೂ ಕಂಪನಿಗಳು 2017ರಲ್ಲಿ ಬಿಡುಗಡೆ ಮಾಡಿದ ಪೀಳಿಗೆಗಳನ್ನು. ಅಳತೆಯಲ್ಲಿ ಇವೆರಡೂ ಬಹುಮಟ್ಟಿಗೆ ಸಮ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಕ್ಯಾಮ್ರಿಯಲ್ಲಿ 2825 ಮಿಲಿಮೀಟರ್, ಅಕಾರ್ಡಿನಲ್ಲಿ 2830. ಆದರೆ ಒಳಗೆ ಕುಳಿತಾಗ ಈ ಸಾಮ್ಯ ಉಳಿಯುವುದಿಲ್ಲ. ಅಕಾರ್ಡಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಕ್ಯಾಮ್ರಿಗಿಂತ ಸುಮಾರು ಆರು ಸೆಂಟಿಮೀಟರ್ ಹೆಚ್ಚು ಜಾಗವಿದೆ. ಅಮೆರಿಕದ ಅಳತೆಯ ಕ್ರಮದಲ್ಲಿ ಅದರ ಡಿಕ್ಕಿ 473 ಲೀಟರ್ ಆದರೆ, ಕ್ಯಾಮ್ರಿಯದು 428 ಲೀಟರ್. ಹಿಂದಕ್ಕೆ ಮುಖ ಮಾಡುವ ಮಗುವಿನ ಸೀಟನ್ನು ಕಟ್ಟಿದ ಮೇಲೂ ಮುಂದೆ ಕುಳಿತವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗದಿರುವುದು ಈ ಆರು ಸೆಂಟಿಮೀಟರಿನಿಂದಲೇ. ಇಷ್ಟಾದರೂ ವಯಸ್ಸಾದವರಿರುವ ಮನೆಗೆ ನಾನು ಅಕಾರ್ಡನ್ನು ಕಣ್ಣುಮುಚ್ಚಿ ಶಿಫಾರಸು ಮಾಡಲಾರೆ. ಅದರ ಚಾವಣಿ ಹಿಂಬದಿಗೆ ಬಹಳ ಇಳಿಜಾರಾಗಿದ್ದು, ಸೀಟೂ ತಗ್ಗಿನಲ್ಲಿರುವುದರಿಂದ, ಮೊಣಕಾಲು ನೋವಿರುವವರು ಹತ್ತುವಾಗ ತಲೆ ಬಗ್ಗಿಸಬೇಕು, ಇಳಿಯುವಾಗ ಏನನ್ನಾದರೂ ಹಿಡಿದು ಮೇಲೇಳಬೇಕು. ಶೋರೂಮಿಗೆ ಹೋಗುವಾಗ ಮನೆಯ ಹಿರಿಯರನ್ನೂ ಮಗುವಿನ ಸೀಟನ್ನೂ ಜೊತೆಗೇ ಒಯ್ಯುವುದು ಯಾವ ವಿಮರ್ಶೆಯನ್ನು ಓದುವುದಕ್ಕಿಂತಲೂ ಹೆಚ್ಚು ಪ್ರಯೋಜನಕಾರಿ. ಈ ವಿಮರ್ಶೆಗೂ ಆ ಮಾತು ಅನ್ವಯಿಸುತ್ತದೆ.

ಓಡಿಸುವವರ ದೃಷ್ಟಿಯಿಂದ ಅಕಾರ್ಡ್ ಹೆಚ್ಚು ಚುರುಕು. ತಿರುವುಗಳಲ್ಲಿ ಅದರ ಸ್ಟೀರಿಂಗ್ ಹೇಳಿದ ಕಡೆಗೆ ತಡಮಾಡದೆ ಹೊರಳುತ್ತದೆ, 1.5 ಲೀಟರ್ ಟರ್ಬೊ ಎಂಜಿನ್ನಿನ 192 ಅಶ್ವಶಕ್ತಿ ದಿನನಿತ್ಯದ ಬಳಕೆಗೆ ಧಾರಾಳವಾಗಿ ಸಾಕು. ಕ್ಯಾಮ್ರಿಯ 2.5 ಲೀಟರ್ ಎಂಜಿನ್ನಿಗೆ ಟರ್ಬೊ ಇಲ್ಲ, ಎಂಟು ಗೇರುಗಳ ಸಾಮಾನ್ಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇದೆ, ಶಕ್ತಿ 203 ಅಶ್ವಶಕ್ತಿ. ಒತ್ತಿ ಓಡಿಸಿದಾಗ ಈ ಎಂಜಿನ್ ಸ್ವಲ್ಪ ಒರಟಾಗಿ ಗುರುಗುಟ್ಟುತ್ತದೆ ಎಂಬುದು ನಿಜ. ಆದರೆ ಬಳಸಿದ ಕಾರನ್ನು ಕೊಳ್ಳುವವರಿಗೆ ಇದರ ಸರಳತೆಯೇ ಲಾಭ. ನೇರವಾಗಿ ಸಿಲಿಂಡರಿಗೆ ಇಂಧನ ಚಿಮ್ಮಿಸುವ ಸಣ್ಣ ಟರ್ಬೊ ಎಂಜಿನ್ನುಗಳು, ಚಳಿ ಪ್ರದೇಶದಲ್ಲಿ ಬರೀ ಹತ್ತಿರದ ಓಡಾಟಕ್ಕೆ ಬಳಕೆಯಾದರೆ, ಪೂರ್ತಿ ಬಿಸಿಯಾಗದೆ ಉಳಿಯುತ್ತವೆ. ಆಗ ಸುಡದ ಪೆಟ್ರೋಲ್ ಆಯಿಲ್‌ಗೆ ಬೆರೆತು ಅದನ್ನು ತೆಳುವಾಗಿಸುತ್ತದೆ. ಅಂಥ ಕಾರಿನಲ್ಲಿ ಆಯಿಲ್ ಕಡ್ಡಿಯನ್ನು ಹೊರತೆಗೆದು, ಮಟ್ಟ ಗುರುತಿಗಿಂತ ಮೇಲಿದೆಯೇ, ಪೆಟ್ರೋಲಿನ ವಾಸನೆ ಬರುತ್ತಿದೆಯೇ ಎಂದು ನೋಡುವುದನ್ನು ಮರೆಯಬಾರದು. ಅಕಾರ್ಡಿನ ಈ ಟರ್ಬೊ ಎಂಜಿನ್ನಿನೊಂದಿಗೆ ಬರುವ, ಹಂತಹಂತದ ಗೇರುಗಳ ಬದಲು ಬೆಲ್ಟಿನಿಂದ ವೇಗ ಹೊಂದಿಸುವ ಸಿವಿಟಿ ಗೇರ್‌ಬಾಕ್ಸಿನ ಆಯಿಲನ್ನು ಕಾಲಕಾಲಕ್ಕೆ ಬದಲಾಯಿಸಿದ ಬಿಲ್ ಇಲ್ಲದಿದ್ದರೆ ನಾನಂತೂ ಮಾತುಕತೆಯನ್ನು ಮುಂದುವರಿಸುವುದಿಲ್ಲ.

ನನ್ನ ಮೆಚ್ಚುಗೆ ಹೆಚ್ಚು ಸಂದಿದ್ದು ಹೈಬ್ರಿಡ್ ಕ್ಯಾಮ್ರಿಗೆ. ಬ್ಯಾಟರಿ ಎಂಬ ಪದವನ್ನು ಕೇಳಿದೊಡನೆ ಬಳಸಿದ ಹೈಬ್ರಿಡ್ ಬೇಡವೆನ್ನುವವರು ಬಹಳ ಮಂದಿ ಇದ್ದಾರೆ. ಆದರೆ ಇದರ ಯಾಂತ್ರಿಕ ರಚನೆ ಸಾಮಾನ್ಯ ಪೆಟ್ರೋಲ್ ಕಾರಿಗಿಂತ ಹಲವು ರೀತಿಯಲ್ಲಿ ಸರಳ. ಎಂಜಿನ್ನನ್ನೂ ಎರಡು ವಿದ್ಯುತ್ ಮೋಟಾರುಗಳನ್ನೂ ನಡುವಿನ ಗೇರಿನ ಸುತ್ತ ಸಣ್ಣ ಗೇರುಗಳು ಸುತ್ತುವ ಒಂದು ಜೋಡಣೆ (ಪ್ಲಾನೆಟರಿ ಗೇರ್) ಬೆಸೆಯುತ್ತದೆ. ಇದನ್ನೂ ಸಿವಿಟಿ ಎಂದೇ ಕರೆಯುತ್ತಾರಾದರೂ ಸವೆಯುವ ಬೆಲ್ಟ್ ಇದರಲ್ಲಿಲ್ಲ, ಕ್ಲಚ್ ಇಲ್ಲ, ಪ್ರತ್ಯೇಕ ಸ್ಟಾರ್ಟರ್ ಮೋಟಾರು ಇಲ್ಲ, ಆಲ್ಟರ್ನೇಟರ್ ಇಲ್ಲ. ವೇಗ ತಗ್ಗಿಸುವ ಕೆಲಸದ ಹೆಚ್ಚಿನ ಪಾಲನ್ನು ಮೋಟಾರೇ ವಹಿಸಿಕೊಳ್ಳುವುದರಿಂದ ಬ್ರೇಕ್ ಪ್ಯಾಡುಗಳೂ ಹೆಚ್ಚು ಕಾಲ ಬಾಳುತ್ತವೆ. ಅಮೆರಿಕದ ಸರ್ಕಾರಿ ಪರೀಕ್ಷೆಯಲ್ಲಿ ಈ ಪೀಳಿಗೆಯ ಹೈಬ್ರಿಡ್ ಕ್ಯಾಮ್ರಿಯ ಅತಿ ಮಿತವ್ಯಯದ ಮಾದರಿಗೆ ಲೀಟರಿಗೆ ಸುಮಾರು 22 ಕಿಲೋಮೀಟರ್ ಮೈಲೇಜ್ ದೊರೆತಿದ್ದರೆ, ಪೆಟ್ರೋಲ್ ಮಾದರಿಗಳಿಗೆ 14ರ ಆಸುಪಾಸು. ಅಕಾರ್ಡ್ ಹೈಬ್ರಿಡ್ಡಿನ ಕ್ರಮ ಬೇರೆ: ಅಲ್ಲಿ ಎಂಜಿನ್ ಹೆಚ್ಚಿನ ವೇಳೆ ವಿದ್ಯುತ್ ಉತ್ಪಾದಿಸುತ್ತಿರುತ್ತದೆ, ಚಕ್ರಗಳನ್ನು ತಿರುಗಿಸುವುದು ಮೋಟಾರು, ಹೆದ್ದಾರಿಯ ವೇಗದಲ್ಲಿ ಮಾತ್ರ ಒಂದು ಕ್ಲಚ್ ಎಂಜಿನ್ನನ್ನು ನೇರವಾಗಿ ಚಕ್ರಗಳಿಗೆ ಜೋಡಿಸುತ್ತದೆ. ಅದೂ ಒಳ್ಳೆಯ ವ್ಯವಸ್ಥೆಯೇ, ನಗರದೊಳಗೆ ಇನ್ನೂ ನಯವಾಗಿ ಸಾಗುತ್ತದೆ. ಉದ್ದನೆಯ ಏರುಗಳಲ್ಲಿ ಮಾತ್ರ ಕಾರಿನ ವೇಗಕ್ಕೆ ಸಂಬಂಧವಿಲ್ಲದಂತೆ ಎಂಜಿನ್ ಮೊರೆಯುವುದು ಕಿವಿಗೆ ಹಿತವೆನಿಸುವುದಿಲ್ಲ.

ಬಳಸಿದ ಹೈಬ್ರಿಡ್ಡಿನಲ್ಲಿ ಮೊದಲು ನೋಡಬೇಕಾದದ್ದು ಹಿಂಬದಿ ಸೀಟಿನ ಬಳಿ ಇರುವ ಗಾಳಿಯ ಕಿಂಡಿಯನ್ನು. ಕ್ಯಾಮ್ರಿಯ ಬ್ಯಾಟರಿ ಈ ಪೀಳಿಗೆಯಲ್ಲಿ ಡಿಕ್ಕಿಯಿಂದ ಹಿಂಬದಿ ಸೀಟಿನ ಕೆಳಕ್ಕೆ ಬಂದಿದೆ. ಅದನ್ನು ತಂಪಾಗಿಡುವ ಗಾಳಿಯನ್ನು ಕಾರಿನ ಒಳಗಿನಿಂದಲೇ ಒಂದು ಫ್ಯಾನ್ ಎಳೆದುಕೊಳ್ಳುತ್ತದೆ. ಧೂಳು, ನಾಯಿಯ ಕೂದಲು, ಮಕ್ಕಳು ಚೆಲ್ಲಿದ ತಿಂಡಿಯ ಪುಡಿ ಇವುಗಳಿಂದ ಆ ಕಿಂಡಿಯ ಜಾಲರಿ ಮುಚ್ಚಿಹೋದರೆ ಬ್ಯಾಟರಿ ಬಿಸಿಯೇರಿ ಅದರ ಆಯುಷ್ಯ ಕುಗ್ಗುತ್ತದೆ. ಸ್ವಚ್ಛ ಮಾಡಲು ತಗಲುವುದು ಅಲ್ಪ ಸಮಯ, ಮಾಡದಿದ್ದರೆ ಆಗುವ ವೆಚ್ಚ ದೊಡ್ಡದು. ಜಾಲರಿ ಹೇಗಿದೆ ಎಂಬುದರಿಂದ ಹಿಂದಿನ ಮಾಲೀಕರ ಶಿಸ್ತೂ ತಿಳಿಯುತ್ತದೆ.

ಬಜೆಟ್ ಇನ್ನೂ ಕಡಿಮೆಯಾಗಿ, ಹಿಂದಿನ ಪೀಳಿಗೆಗಳತ್ತ ಹೋಗಬೇಕಾದವರು ಎಂಜಿನ್ನಿನ ಇತಿಹಾಸವನ್ನು ತಿಳಿದೇ ಹೋಗಬೇಕು. 2017ರವರೆಗಿನ ವಿ6, ಅಂದರೆ ಆರು ಸಿಲಿಂಡರಿನ, ಅಕಾರ್ಡುಗಳಲ್ಲಿ ವಾಲ್ವುಗಳನ್ನು ಪಿಸ್ಟನ್ನುಗಳ ಚಲನೆಗೆ ಹೊಂದಿಸಿ ನಡೆಸುವುದು ಚೈನ್ ಅಲ್ಲ, ರಬ್ಬರಿನ ಟೈಮಿಂಗ್ ಬೆಲ್ಟ್. ಅದು ಓಡುವಾಗ ತುಂಡಾದರೆ ವಾಲ್ವುಗಳು ಪಿಸ್ಟನ್ನುಗಳಿಗೆ ಬಡಿದು ಎಂಜಿನ್ನೇ ಹಾಳಾಗಬಹುದು. ಆದ್ದರಿಂದ ಬೆಲ್ಟನ್ನು, ಅದರ ಜೊತೆಗೇ ವಾಟರ್ ಪಂಪನ್ನೂ ಬದಲಾಯಿಸಿದ ರಸೀದಿ ಕೇಳಬೇಕು. ಇಲ್ಲವೆಂದರೆ ಆ ಖರ್ಚನ್ನು ಬೆಲೆಯಿಂದ ಕಳೆಯಬೇಕು. 2007ರಿಂದ 2009ರವರೆಗಿನ 2.4 ಲೀಟರ್ ಕ್ಯಾಮ್ರಿಗಳಲ್ಲಿ ಪಿಸ್ಟನ್ ರಿಂಗುಗಳ ದೋಷದಿಂದ ಆಯಿಲ್ ಅತಿಯಾಗಿ ಖರ್ಚಾಗುತ್ತಿದ್ದುದು ಎಲ್ಲರಿಗೂ ತಿಳಿದ ವಿಷಯ. 2011 ಮತ್ತು 2012ರ ಹ್ಯುಂಡೈ ಸೊನಾಟಾ ಕಾರುಗಳನ್ನು ಅಮೆರಿಕದಲ್ಲಿ 2015ರಲ್ಲಿ ಹಿಂದಕ್ಕೆ ಕರೆಸಬೇಕಾಯಿತು. ತಯಾರಿಕೆಯ ವೇಳೆ ಉಳಿದ ಲೋಹದ ಚೂರುಗಳು ಆಯಿಲ್ ಹಾದಿಯನ್ನು ತಡೆದು ಬೇರಿಂಗುಗಳನ್ನು ಕೆಡಿಸುತ್ತಿದ್ದವು. ಟೊಯೊಟಾ ಎಂದರೆ ಎಂದೂ ಕೆಡದ ಕಾರು ಎಂಬ ನಂಬಿಕೆ, ಹೀಗೆ, ಯಾವ ವರ್ಷ, ಯಾವ ಎಂಜಿನ್ ಎಂದು ಕೇಳದೆ ಹೇಳುವ ಮಾತು.

ಕಾರನ್ನು ನೋಡಲು ಹೋಗುವಾಗ ಎಂಜಿನ್ನನ್ನು ಮೊದಲೇ ಬಿಸಿ ಮಾಡಿಡಬೇಡಿ ಎಂದು ಮಾರುವವರಿಗೆ ತಿಳಿಸುವುದು ಒಳ್ಳೆಯದು. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಮಾತ್ರ ಚೈನಿನ ಕಟಕಟ ಸದ್ದು, ಸೈಲೆನ್ಸರಿನಿಂದ ಬರುವ ನೀಲಿ ಹೊಗೆ, ಅಸ್ಥಿರ ಓಟ ಇವೆಲ್ಲ ಹೊರಬೀಳುತ್ತವೆ. ಓಡೋಮೀಟರ್ ಕಡಿಮೆ ತೋರಿಸುತ್ತಿದ್ದು, ಬ್ರೇಕ್ ಪೆಡಲಿನ ರಬ್ಬರ್ ಸವೆದು, ಸ್ಟೀರಿಂಗಿನ ಚರ್ಮ ಹೊಳಪೇರಿ, ಚಾಲಕರ ಸೀಟಿನ ಹೊರ ಅಂಚು ಕುಸಿದಿದ್ದರೆ ಆ ಅಂಕಿಯನ್ನು ನಂಬಬೇಕಾಗಿಲ್ಲ. ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ವಾರವನ್ನು, ಕೊನೆಯ ಎರಡು ವರ್ಷವನ್ನು ಹೇಳುತ್ತವೆ. 2319 ಎಂದಿದ್ದರೆ ಅದು 2019ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು. ಪ್ರವಾಹದಲ್ಲಿ ಮುಳುಗಿದ ಕಾರನ್ನು ಎಷ್ಟೇ ತೊಳೆದರೂ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದಾಗ ಕೆಳತುದಿಯಲ್ಲಿ ಕೆಸರಿನ ಗೆರೆ ಕಾಣಬಹುದು. ಸ್ಟೆಪ್ನಿ ಇಡುವ ಗುಂಡಿಯಲ್ಲಿ ತುಕ್ಕು ಹಿಡಿದಿರಬಹುದು. ಎರಡು ಬಾಗಿಲುಗಳ ನಡುವಿನ ಸಂದು ಮೇಲೊಂದು ಅಗಲ ಕೆಳಗೊಂದು ಅಗಲ ಇದ್ದರೆ, ಅಥವಾ ಬಣ್ಣದ ದಪ್ಪ ಅಳೆಯುವ ಮೀಟರು ಒಂದೇ ಕಡೆ ಹೆಚ್ಚು ತೋರಿಸಿದರೆ, ಅಲ್ಲಿ ಪುಟ್ಟಿಯ ಕೆಲಸ ನಡೆದಿದೆ ಎಂದೇ ತಿಳಿಯಬೇಕು.

ಇವೆಲ್ಲ ಕಣ್ಣಿಗೆ ಕಾಣುವಂಥವು. ಕಾಣದ ತಂತ್ರವೊಂದಿದೆ. ದೋಷದ ದೀಪ ಉರಿಯುತ್ತಿರುವ ಕಾರನ್ನು ಮಾರುವ ಮುನ್ನ ಸ್ಕ್ಯಾನರಿನಿಂದ ದೋಷದ ಕೋಡ್ ಅಳಿಸಿಬಿಟ್ಟರೆ ದೀಪ ಆರುತ್ತದೆ, ದೋಷ ಮಾತ್ರ ಹಾಗೇ ಇರುತ್ತದೆ. ಆದರೆ ಕೋಡ್ ಅಳಿಸಿದಾಗ ಕಾರಿನ ಕಂಪ್ಯೂಟರು ತಾನು ನಡೆಸುವ ಸ್ವಯಂಪರೀಕ್ಷೆಗಳ ಫಲಿತಾಂಶವನ್ನೂ ಕಳೆದುಕೊಳ್ಳುತ್ತದೆ. ಅವು ಮತ್ತೆ ಪೂರ್ಣಗೊಳ್ಳಲು ಕೆಲವು ದಿನಗಳ ಬಗೆಬಗೆಯ ಓಡಾಟ ಬೇಕು. ಸ್ಟೀರಿಂಗಿನ ಕೆಳಗಿನ ಪೋರ್ಟಿಗೆ ಸ್ಕ್ಯಾನರ್ ಸಿಕ್ಕಿಸಿದಾಗ ಈ ಪರೀಕ್ಷೆಗಳು ಅಪೂರ್ಣವೆಂದು ತೋರಿಸಿದರೆ, ಇತ್ತೀಚೆಗೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿಯ ಸಂಪರ್ಕ ತಪ್ಪಿಸಿದ್ದಾರೆ ಎಂದರ್ಥ. ನಾನು ನೋಡಿದ ಕಾರೊಂದರಲ್ಲಿ ಬಾಹ್ಯವಾಗಿ ಎಲ್ಲವೂ ಅಚ್ಚುಕಟ್ಟಾಗಿದ್ದು ಇದೊಂದೇ ಅಪೂರ್ಣವಾಗಿತ್ತು. ಒಂದು ವಾರ ಓಡಿಸಿ ಮತ್ತೆ ತೋರಿಸಿ ಎಂದಾಗ ಮಾರುವವರು ಒಪ್ಪಲಿಲ್ಲ. ಈ ಎಲ್ಲ ಪರೀಕ್ಷೆಯನ್ನು ಮಾರುವವರಿಗೆ ಸಂಬಂಧಿಸದ ಮೆಕ್ಯಾನಿಕ್ ಒಬ್ಬರಿಂದ, ಕಾರನ್ನು ಲಿಫ್ಟಿಗೆ ಏರಿಸಿ ಮಾಡಿಸುವುದು ಅಗತ್ಯ. ಅದಕ್ಕೆ ಒಪ್ಪದವರ ಕಾರನ್ನು ಬಿಟ್ಟುಬಿಡಬಹುದು.

ಚಾಸಿ ನಂಬರಿನ ಪರಿಶೀಲನೆಯನ್ನೂ ಬಿಡಬಾರದು. ಇದರಲ್ಲಿ 17 ಅಕ್ಷರ ಮತ್ತು ಅಂಕಿಗಳಿರುತ್ತವೆ. ಒಂದು, ಸೊನ್ನೆಗಳೊಂದಿಗೆ ಗೊಂದಲವಾಗದಿರಲೆಂದು ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ಡ್ಯಾಶ್‌ಬೋರ್ಡ್, ಬಾಗಿಲಿನ ಚೌಕಟ್ಟು ಮತ್ತು ಕಾಗದಪತ್ರಗಳಲ್ಲಿ ಅದು ಒಂದೇ ಆಗಿರಬೇಕು. ಅದೇ ಸಂಖ್ಯೆಯನ್ನು ಕೊಟ್ಟು, ಕಂಪನಿ ಹಿಂದಕ್ಕೆ ಕರೆಸಿದ ದೋಷಗಳು ಸರಿಯಾಗಿವೆಯೇ ಎಂದು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ವಿಚಾರಿಸಬಹುದು. ತಕಾತ ಕಂಪನಿಯ ಏರ್‌ಬ್ಯಾಗುಗಳ ಪ್ರಕರಣದಲ್ಲಿ 2001ರಿಂದ 2012ರವರೆಗಿನ ಅನೇಕ ಅಕಾರ್ಡುಗಳೂ ಸೇರಿದ್ದವು. ಅನಿಲ ಹೊಮ್ಮಿಸಲು ಅವುಗಳಲ್ಲಿ ತುಂಬಿದ್ದ ಅಮೋನಿಯಂ ನೈಟ್ರೇಟ್ ಎಂಬ ರಾಸಾಯನಿಕ ಶಾಖ ಮತ್ತು ತೇವದಿಂದ ಕೆಟ್ಟು, ಬಲೂನನ್ನು ಉಬ್ಬಿಸಬೇಕಾದ ಲೋಹದ ಡಬ್ಬಿಯೇ ಸಿಡಿದು ಚೂರುಗಳು ಪ್ರಯಾಣಿಕರಿಗೆ ತಗಲುತ್ತಿದ್ದವು. ಈ ದೋಷ ಸರಿಪಡಿಸದ ಕಾರನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಮನೆಗೆ ತರಕೂಡದು.

ಇನ್ನು ಹೊಸ ಕಾರು. 2022ರ ನವೆಂಬರಿನಲ್ಲಿ ಅನಾವರಣಗೊಂಡ ಅಕಾರ್ಡ್ ಮತ್ತು 2023ರ ನವೆಂಬರಿನಲ್ಲಿ ಬಂದ ಕ್ಯಾಮ್ರಿ ಎರಡೂ ಹಿಂದಿನ ಪೀಳಿಗೆಯ ತಳಹದಿಯ ಮೇಲೆಯೇ ಪರಿಷ್ಕೃತವಾದವು. ಹೊಸ ಕ್ಯಾಮ್ರಿ ಉತ್ತರ ಅಮೆರಿಕವೂ ಸೇರಿದಂತೆ ಹಲವು ಮಾರುಕಟ್ಟೆಗಳಲ್ಲಿ ಹೈಬ್ರಿಡ್ ರೂಪದಲ್ಲಿ ಮಾತ್ರ ಸಿಗುತ್ತದೆ. ಮುಂಚಕ್ರ ಚಾಲನೆಯ ಮಾದರಿಯ ಒಟ್ಟು ಶಕ್ತಿ 225 ಅಶ್ವಶಕ್ತಿ. ಹಿಂದಿನದಕ್ಕಿಂತ ಇದು ಶಾಂತ, ಪಿಕಪ್ ಉತ್ತಮ, ಬ್ರೇಕಿನ ಸ್ಪರ್ಶವೂ ಸಹಜ. ಆದರೂ ಹಳೆಯ ಹೈಬ್ರಿಡ್ಡಿಗೂ ಇದಕ್ಕೂ ಇರುವ ಬೆಲೆಯ ಅಂತರವನ್ನು ಸಮರ್ಥಿಸುವಷ್ಟು ಬದಲಾವಣೆ, ಬೇಗ ಮಾರಿಬಿಡುವವರ ದೃಷ್ಟಿಯಿಂದ, ನನಗೆ ಕಾಣಲಿಲ್ಲ. ಬೆಲೆ ಅತಿ ವೇಗವಾಗಿ ಕುಸಿಯುವುದು ಮೊದಲ ಕೆಲವು ವರ್ಷಗಳಲ್ಲಿ. ಆ ನಷ್ಟವನ್ನು ಭರಿಸಿದ ಮೇಲೆ ಅಷ್ಟೇ ದೀರ್ಘಕಾಲ ಓಡಿಸಿದರೆ ಮಾತ್ರ ಲೆಕ್ಕ ಸರಿಹೊಂದುತ್ತದೆ. ಇದಕ್ಕೆ ಒಂದು ವಿನಾಯಿತಿ ಇದೆ: ಕೆಲವೊಮ್ಮೆ ಬಳಸಿದ ಹೈಬ್ರಿಡ್ಡುಗಳಿಗೆ ಬೇಡಿಕೆ ಹೆಚ್ಚಾಗಿ, ಒಂದೆರಡು ವರ್ಷದ ಕಾರಿಗೂ ಹೊಸದಕ್ಕೂ ಹೇಳಿಕೊಳ್ಳುವಂಥ ಅಂತರವೇ ಇರುವುದಿಲ್ಲ. ಆಗ ಪೂರ್ತಿ ವಾರಂಟಿ ಇರುವ ಹೊಸದೇ ಜಾಣ ಆಯ್ಕೆ. ಶೋರೂಮಿನಲ್ಲಿ ತಿಂಗಳ ಕಂತಿನ ಮಾತು ಬಂದಾಗಲೆಲ್ಲ ಒಟ್ಟು ಮೊತ್ತವನ್ನೇ ಕೇಳಬೇಕು.

ಹಿಂದಿನ ಸೀಟಿನ ಸುರಕ್ಷತೆಯ ದೃಷ್ಟಿಯಿಂದ ಹೊಸ ಅಕಾರ್ಡಿಗೆ ಒಂದು ಅಂಕ ಹೆಚ್ಚು ಕೊಡಬೇಕು. ಅಮೆರಿಕದ ಐಐಎಚ್‌ಎಸ್ ಎಂಬ ವಾಹನ ಸುರಕ್ಷತಾ ಸಂಸ್ಥೆ, ಕಾರಿನ ಮುಂಭಾಗವನ್ನು ಅಪ್ಪಳಿಸಿ ನೋಡುವ ಪರೀಕ್ಷೆಯನ್ನು 2022ರಲ್ಲಿ ಪರಿಷ್ಕರಿಸಿ ಚಾಲಕರ ಹಿಂದಿನ ಸೀಟಿನಲ್ಲೂ ಗೊಂಬೆಯನ್ನು ಕೂರಿಸಲು ಆರಂಭಿಸಿದ ಬಳಿಕ, ಈ ವರ್ಗದ ಹಲವು ಕಾರುಗಳು ಎಡವಿದಾಗ ಅಕಾರ್ಡ್ ಉತ್ತಮ ಶ್ರೇಣಿ ಪಡೆಯಿತು. ಬಳಸಿದ ಕಾರಿನಲ್ಲಿ ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಇದ್ದರೆ, ಮುಂದಿನ ಗಾಜು ಬದಲಾಗಿದೆಯೇ ಎಂದು ಕೇಳಬೇಕು. ಗಾಜಿನ ಹಿಂದಿನ ಕ್ಯಾಮೆರಾವನ್ನು ಮತ್ತೆ ಹೊಂದಿಸದಿದ್ದರೆ ಆ ವ್ಯವಸ್ಥೆಯನ್ನು ನೆಚ್ಚಿಕೊಳ್ಳಲಾಗದು.

ಮಾದರಿಯ ಮಟ್ಟವನ್ನು ಆರಿಸುವಾಗ ದೊಡ್ಡ ಚಕ್ರಗಳ ಚೆಂದಕ್ಕೆ ಮರುಳಾಗುವ ಅಗತ್ಯ ನನಗೆ ಕಾಣಲಿಲ್ಲ. ಇವೆರಡೂ ಕಾರುಗಳ ದುಬಾರಿ ಮಾದರಿಗಳಿಗೆ 19 ಇಂಚಿನ ಚಕ್ರಗಳಿದ್ದು, ಟೈರಿನ ಪಕ್ಕ ಗಿಡ್ಡವಾಗಿರುವುದರಿಂದ ಗುಂಡಿಗೆ ಇಳಿದಾಗ ರಿಮ್ ಬಾಗುವ ಸಂಭವ ಹೆಚ್ಚು, ಕುಲುಕೂ ಹೆಚ್ಚು, ಟೈರು ಬದಲಾಯಿಸುವ ಖರ್ಚೂ ಹೆಚ್ಚು. ನಮ್ಮ ಮನೆಯವರು ಕೊನೆಗೆ ಒಪ್ಪಿದ್ದು 17 ಇಂಚಿನ ಚಕ್ರಗಳ, ಬಟ್ಟೆಯ ಸೀಟುಗಳ, ಬಳಸಿದ ಹೈಬ್ರಿಡ್ ಕ್ಯಾಮ್ರಿಯನ್ನು. ಹಿಂದೆ ಕುಳಿತವರಿಗೆ ಕಾಲು ಚಾಚಲು ಅಕಾರ್ಡಿನಷ್ಟು ಜಾಗ ಸಿಗದ ದೂರು ಒಂದನ್ನು ಬಿಟ್ಟರೆ ಇದುವರೆಗೆ ಬೇರೆ ಆಕ್ಷೇಪ ಬಂದಿಲ್ಲ.